ಎರಡು ಯಂತ್ರ, ಒಂದು ಮೊಳ

ಫೆಬ್ರವರಿ 6

ಅತ್ತಿಗೆ,

ಹದಿನಾಲ್ಕು ವರ್ಷದ ಮೇಲೆ ಬರೆಯುವ ಪತ್ರವನ್ನು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ನಾಲ್ಕು ಹಾಳೆ ಹರಿದೆ. ಇದು ಐದನೆಯದು. ಹೇಗೇ ಇರಲಿ, ಇದನ್ನು ಡಬ್ಬಕ್ಕೆ ಹಾಕಿಬಿಡುತ್ತೇನೆ. ನೀವು ಶಾಲೆಯಿಂದ ನಿವೃತ್ತರಾದ ಸುದ್ದಿ ಸಿಕ್ಕಿತು. ನಿಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ರಿಪೇರಿಗೆ ರೇಡಿಯೋ ತಂದಿದ್ದಳು. "ಗಣಿತದ ಮೇಡಂ ಅಂದ್ರೆ ಈಗ್ಲೂ ಎದೆ ಢವಢವ ಅನ್ನತ್ತೆ ಸಾರ್, ಆ ಕೆಂಪು ಪೆನ್ನು!" ಅಂದಳು. ಅವಳ ರೇಡಿಯೋವನ್ನು ಎಲ್ಲರಿಗಿಂತ ಮೊದಲು ಸರಿಮಾಡಿ ಕೊಟ್ಟೆ.

ಈಗ ವಿಷಯ. ಹಳೆಯ ಕಂಪ್ಯೂಟರುಗಳನ್ನು ಕೂಡಿಡುವವರ ಒಂದು ಪುಟ್ಟ ಪತ್ರಿಕೆ ಇದೆ. ಹಿಂದಿನ ಯಂತ್ರಗಳಿಗೆ ದೊಡ್ಡ ಲೆಕ್ಕ ಕಲಿಸಲು ಬೇರೆಯಾಗಿ ಸಿಗುತ್ತಿದ್ದ, ಒಳಗೆ ತೂರಿಸುವ ಗಣಿತದ ಮಾಡ್ಯೂಲ್‌ಗಳನ್ನು ಒಂದಕ್ಕೊಂದು ಹೋಲಿಸಿ ಬರೆದುಕೊಡಿ ಎಂದು ಅವರು ಕೇಳಿದ್ದಾರೆ. ಮೇಜಿನ ಕಂಪ್ಯೂಟರಿನದು ನನ್ನ ಬಳಿ ಇದೆ, ಹಿಂಬದಿಯ ಗೂಡಿಗೆ ತೂರಿಸುವ ಆ ಬೂದು ಬಣ್ಣದ ಕಾರ್ಟ್ರಿಜ್. ಇಲ್ಲದಿರುವುದು ಅಂಗೈ ಕಂಪ್ಯೂಟರಿನ ಮಾಡ್ಯೂಲ್, ಅರ್ಧ ಬೆಂಕಿಪೊಟ್ಟಣದಷ್ಟು ದೊಡ್ಡದು. ಅದು ಎಲ್ಲಿದೆಯೆಂದು ನಿಮಗೂ ಗೊತ್ತು, ನನಗೂ ಗೊತ್ತು. ಅಣ್ಣನಿಗೆ ಅದನ್ನು ತಂದುಕೊಟ್ಟವನು ನಾನೇ.

ಒಂದು ತಿಂಗಳ ಮಟ್ಟಿಗೆ ಅದನ್ನು ಕಳಿಸಲು ಆಗುತ್ತದೆಯೇ? ಮುಚ್ಚುಮರೆ ಮಾಡದೆ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಕೊನೆಯ ಪರೀಕ್ಷೆಯಾಗಿ ಸುರಂಗದ ಲೆಕ್ಕವನ್ನು ಹಾಕಬೇಕೆಂದಿದ್ದೇನೆ. ಗುಡ್ಡದ ಮೇಲಿನ ಬಾಯಿಯಿಂದ ಅಣ್ಣ, ಕೆಳಗಿನ ಬಾಯಿಯಿಂದ ನಾನು ಗುರುತು ಹಾಕಿಕೊಟ್ಟು, ನೀರಿನ ಕೊಳವೆಗಾಗಿ ಅಗೆದ ಸುರಂಗ ನಡುವೆ ಒಂದು ಮೊಳ ತಪ್ಪಿತಲ್ಲ, ಅದು. ಯಾರ ಯಂತ್ರ ತಪ್ಪಿತೆಂದು ಅಚ್ಚಿನಲ್ಲಿ ಬರಲಿ. ನನ್ನದೇ ಎಂದಾದರೆ ನನ್ನದೇ ಎಂದು ಬರೆಯುತ್ತೇನೆ.

ಅಣ್ಣನಿಗೆ ಹೇಳುವುದು ಬಿಡುವುದು ನಿಮ್ಮಿಷ್ಟ.

ನಿಮ್ಮ ಮೈದುನ


ಫೆಬ್ರವರಿ 15

ಗಡಿಬಿಡಿ,

ಈ ಹೆಸರನ್ನು ಬರೆದು ಎಷ್ಟು ಕಾಲವಾಯಿತು! ನಿನಗೆ ತಲೆ ನರೆತಿರಬಹುದು, ಹೆಸರು ಬದಲಾಯಿಸುವಷ್ಟೇನೂ ನೀನು ಬದಲಾಗಿಲ್ಲ. ವಿಳಾಸದಲ್ಲಿ ಮನೆ ನಂಬರೇ ಬರೆದಿಲ್ಲ. ಅಂಚೆಯವನು ಬೀದಿಯೆಲ್ಲ ಸುತ್ತಿ ಬಂದು, "ಟೀಚರಮ್ಮಾ, ಇಷ್ಟು ಅವಸರದಲ್ಲಿ ಯಾರು ಬರೆದಿದ್ದು?" ಎಂದು ಕೇಳಿದ.

ಪತ್ರ ಇಸಿದುಕೊಂಡವರು ನಿಮ್ಮಣ್ಣ. ಲಕೋಟೆಯ ಮೇಲಿನ ಅಕ್ಷರ ನೋಡಿದರು, ನನ್ನ ತಟ್ಟೆಯ ಪಕ್ಕ ಬೋರಲು ಹಾಕಿದರು. ಆಮೇಲೆ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿಕೊಂಡು, ಎರಡು ಸಲ ಹಾಕಿದ್ದು ಗೊತ್ತಾಗದೆ ಕುಡಿದರು.

ಮಾಡ್ಯೂಲನ್ನು ಅಂಚೆಯಲ್ಲಿ ಕಳಿಸುವ ಮಾತೇ ಇಲ್ಲ. ಸರ್ವೆ ಕೆಲಸ ಬಿಟ್ಟು ಆರು ವರ್ಷವಾದರೂ ಪ್ರತಿ ಭಾನುವಾರ ಆ ಅಂಗೈ ಯಂತ್ರವನ್ನು ಹೊರಗೆ ತೆಗೆದು ಒರೆಸಿ ಒಳಗಿಡುತ್ತಾರೆ. ಒರೆಸುವ ಬಟ್ಟೆಯನ್ನು ಕನ್ನಡಕಕ್ಕೆ ಕೇಳಿದರೂ ಕೊಡುವುದಿಲ್ಲ. ಅಂಥದ್ದು ಡ್ರಾಯರಿನಿಂದ ಕಾಣೆಯಾದರೆ ಮನೆಯಲ್ಲಿ ಭೂಕಂಪವಾದೀತು. ಆದ್ದರಿಂದ ಹೀಗೆ ಮಾಡೋಣ. ನೀನು ಲೆಕ್ಕ ಕಳಿಸು, ಅವರು ಸಂಜೆ ತಿರುಗಾಡಲು ಹೋದಾಗ ನಾನು ಅಂಗೈ ಯಂತ್ರದಲ್ಲಿ ಮಾಡಿ ಉತ್ತರ ಬರೆಯುತ್ತೇನೆ. ಮೂವತ್ತೊಂದು ವರ್ಷ ಮಕ್ಕಳಿಗೆ ಲೆಕ್ಕ ಕೊಟ್ಟಿದ್ದೇನೆ, ಈಗ ನಾನೇ ಲೆಕ್ಕ ಮಾಡುವ ಸರದಿ.

ಸುರಂಗದ ವಿಷಯ. ಬೇಡ ಎನ್ನಲು ನನಗೆ ಮನಸ್ಸಿತ್ತು. ಆದರೆ ಗೊತ್ತಾಗದೆ ಉಳಿದದ್ದೇ ನಿಮ್ಮಿಬ್ಬರನ್ನು ಇಷ್ಟು ದೂರ ಮಾಡಿತು. ಯಾವುದೋ ಯಂತ್ರದ ತಪ್ಪು ಎಂದು ಒಮ್ಮೆ ಸಾಬೀತಾಗಿಬಿಟ್ಟರೆ ನೀವಿಬ್ಬರೂ ಅದನ್ನೇ ಬೈದುಕೊಂಡು ಒಂದೇ ಮೇಜಿಗೆ ಕೂರಬಹುದೇನೋ. ನನ್ನ ಆಸೆ ಅಷ್ಟೇ. ಇನ್ನು ಹೆಚ್ಚು ದಿನ ಕಾಯುವ ವಯಸ್ಸು ನಮ್ಮಲ್ಲಿ ಯಾರಿಗೂ ಉಳಿದಿಲ್ಲ.

ಮಂಡಿ ನೋಯುತ್ತದೆ. ಉಳಿದದ್ದೆಲ್ಲ ಚೆನ್ನಾಗಿದೆ.

ನಿನ್ನ ಅತ್ತಿಗೆ


ಮಾರ್ಚ್ 2

ಅತ್ತಿಗೆ,

ಗಡಿಬಿಡಿ ಎಂದು ಓದಿದಾಗ ಅಂಗಡಿಯಲ್ಲಿ ಒಬ್ಬನೇ ನಕ್ಕೆ. ಆಮೇಲೆ ಕನ್ನಡಕ ತೆಗೆದು ಒರೆಸಬೇಕಾಯಿತು. ಆ ಕಥೆ ಬೇಡ.

ಎರಡು ಲೆಕ್ಕ ಕಳಿಸಿದ್ದೇನೆ. ಮೊದಲನೆಯದು ಐದು ಸಮೀಕರಣ, ಐದು ಅಜ್ಞಾತಗಳದ್ದು. ನೋಡಲು ಸಾಧು, ಒಳಗೆ ಬಲು ತುಂಟ. ಉತ್ತರ ಐದೂ 1 ಬರಬೇಕು, ಆದರೆ ಎಲ್ಲೋ ಹತ್ತನೇ ಅಂಕಿಯಲ್ಲಿ ಒಂದು ಕೂದಲೆಳೆ ಹೆಚ್ಚುಕಮ್ಮಿಯಾದರೂ ಉತ್ತರ ಕಾಲು ಜಾರುತ್ತದೆ. ನನ್ನ ಮೇಜಿನ ಕಂಪ್ಯೂಟರ್ ಎರಡು ಸೆಕೆಂಡಿನಲ್ಲಿ ಮುಗಿಸಿ, ಕಾಗದದ ಪಟ್ಟಿಯಲ್ಲಿ ಕರಕರ ಅಚ್ಚು ಹಾಕಿತು. ಆರನೇ ಅಂಕಿಯವರೆಗೂ ಒಂಬತ್ತುಗಳ ಸಾಲು, ಒಂದಕ್ಕೆ ಅಷ್ಟು ಹತ್ತಿರ.

ಎರಡನೆಯದು ಒಂದು ಅಲೆಯ ಕೆಳಗಿನ ಜಾಗವನ್ನು ಅಳೆಯುವುದು. ಸರಿಯುತ್ತರ 2. ನನ್ನದರಲ್ಲಿ 2 ಬಂತು.

ಅಣ್ಣನ ಡಬ್ಬಿಗೆ ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ ಬರೆಯಿರಿ. ಅದರಲ್ಲಿ ಲೆಕ್ಕ ನಡೆಯುವಾಗ ಪರದೆಯ ಮೇಲೆ ಒಂದು ಪುಟ್ಟ ಹಕ್ಕಿ ಓಡುತ್ತಿತ್ತಲ್ಲ, ಇನ್ನೂ ಓಡುತ್ತದೆಯೇ?

ನಿಮ್ಮ ಗಡಿಬಿಡಿ


ಮಾರ್ಚ್ 19

ಗಡಿಬಿಡಿ,

ಹಕ್ಕಿ ಓಡುತ್ತದೆ. ಐದು ಸಮೀಕರಣಕ್ಕೆ ಅದು ನಾಲ್ಕು ನಿಮಿಷ ಹತ್ತು ಸೆಕೆಂಡು ಓಡಿತು. ನಾನು ಆ ಹೊತ್ತಿಗೆ ಬಟ್ಟೆ ಮಡಚಿ ಮುಗಿಸಿದೆ. ಉತ್ತರಗಳು ನಾಲ್ಕನೇ ಅಂಕಿಯವರೆಗೆ ಸರಿ, ಆಮೇಲೆ ಒಂದೊಂದೂ ಒಂದೊಂದು ಕಡೆ ವಾಲಿವೆ. ಈ ಸುತ್ತು ನಿನ್ನ ಪೆಟ್ಟಿಗೆಯೇ ಗೆದ್ದಿತು. ಆದರೆ ನಿನ್ನ ಪೆಟ್ಟಿಗೆ ಒಂದೇ ಉಸಿರಿಗೆ ಎಲ್ಲ ಅಂಕಿ ಕೇಳುತ್ತದೆ, ಇದು ಒಂದೊಂದನ್ನೇ ಹೆಸರು ಹಿಡಿದು ಕೇಳುತ್ತದೆ, ನಾನು ಕೊಡುವವರೆಗೆ ಸುಮ್ಮನೆ ಕಾಯುತ್ತದೆ. ನಿನ್ನ ಲೇಖನದಲ್ಲಿ ಅದನ್ನೂ ಬರೆ. ವೇಗವೊಂದೇ ಗುಣವಲ್ಲ. ಜೊತೆಗೆ ಇದು ಜೇಬಿನಲ್ಲಿ ಕೂತು ಗುಡ್ಡ ಹತ್ತುತ್ತದೆ. ನಿನ್ನದನ್ನು ಹತ್ತಿಸಲು ನಾಲ್ಕು ಆಳು ಬೇಕು.

ಎರಡನೇ ಲೆಕ್ಕದಲ್ಲಿ ನನ್ನ ಮಾನ ಹೋಯಿತು. 2 ಬರಬೇಕಾದ ಕಡೆ 0.086 ಬಂತು. ಮೂರು ಸಂಜೆ ತಲೆ ಕೆಡಿಸಿಕೊಂಡೆ. ನಾಲ್ಕನೇ ದಿನ ಡ್ರಾಯರು ಎಳೆದರೆ ಮಾಡ್ಯೂಲಿನ ಕೈಪಿಡಿ ಮೇಲೆಯೇ ಇದೆ, ಪುಟ 41ರ ಮೂಲೆ ಮಡಚಿದೆ. ಅಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: ಈ ಲೆಕ್ಕಕ್ಕೆ ಮೊದಲು ಯಂತ್ರದ ಕೋನದಳತೆಯನ್ನು ಡಿಗ್ರಿಯಿಂದ ರೇಡಿಯನ್ನಿಗೆ ಬದಲಾಯಿಸಿಕೊಳ್ಳಿ. ಬದಲಾಯಿಸಿದೆ, 2 ಬಂತು. ಮಕ್ಕಳಿಗೆ ಸಾವಿರ ಸಲ ಹೇಳಿಕೊಟ್ಟಿದ್ದನ್ನೇ ಮರೆತಿದ್ದೆ.

ಆ ಪುಟವನ್ನು ನಾನು ಮಡಚಿರಲಿಲ್ಲ. ಈ ಮನೆಯಲ್ಲಿ ಇರುವುದು ಇಬ್ಬರೇ.

ಇನ್ನೂ ಎರಡು ವಿಷಯ. ಯಂತ್ರದ ಬ್ಯಾಟರಿ ಹೊಸದಾಗಿದೆ. ಮತ್ತೆ, ಸಂಜೆ ಅರ್ಧ ಗಂಟೆ ತಿರುಗಾಡುತ್ತಿದ್ದವರು ಈಗ ಒಂದೂಕಾಲು ಗಂಟೆಯಾದರೂ ಬರುವುದಿಲ್ಲ. ನಿನ್ನೆ ಕಿಟಕಿಯಿಂದ ನೋಡಿದೆ. ಬೀದಿಯ ಕೊನೆಯಲ್ಲಿ ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು, ನನಗೆ ಹೊತ್ತು ಸಾಕಾಗಲೆಂದು. ಅವರು ಬಂದಾಗ, "ಗಾಳಿ ಚೆನ್ನಾಗಿತ್ತಾ?" ಅಂದೆ. "ಹೂಂ" ಅಂದರು.

ಅತ್ತಿಗೆ


ಏಪ್ರಿಲ್ 4

ಅತ್ತಿಗೆ,

ಪುಟ 41ರ ಸುದ್ದಿಯನ್ನು ಹತ್ತು ಸಲ ಓದಿದೆ. ಅಣ್ಣ ಬೈದರೂ ಹಾಗೆಯೇ ಬೈಯುತ್ತಿದ್ದ, ಬಾಯಿ ಬಿಡದೆ. ಅವತ್ತು ನಮ್ಮಿಬ್ಬರ ಸರ್ವೆ ಆಫೀಸಿನಲ್ಲಿ ನಾನು ಕೂಗಾಡಿದ್ದು ನಿಮಗೂ ಕೇಳಿಸಿತ್ತು. "ನಿನ್ ಡಬ್ಬಿ ಸುಳ್ ಹೇಳ್ತು ಅಂತ ಒಪ್ಕೊಂಡ್ಬಿಡು, ಇಲ್ಲಾ ನನ್ ಪೆಟ್ಟಿಗೆ ತಪ್ಪು ಅಂತ ತೋರ್ಸು. ಎರಡರಲ್ಲಿ ಒಂದು ಹೇಳೋ!" ಎಂದೆ. ಅವನು ಗುತ್ತಿಗೆದಾರನಿಗೆ "ತಪ್ಪು ನಮ್ಮದು" ಎಂದು ಬರೆದುಕೊಟ್ಟಿದ್ದ, ಆದರೆ ಯಾರದು ಎಂದು ನನಗೆ ಹೇಳಲಿಲ್ಲ. ಆ ಮೌನ ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ತನ್ನದಾಗಿದ್ದರೆ ಒಪ್ಪಿಕೊಳ್ಳುತ್ತಿದ್ದ, ನನ್ನದೇ ಎಂದುಕೊಂಡು ಕರುಣೆ ತೋರಿಸುತ್ತಿದ್ದಾನೆ ಅನಿಸಿತು. ಕಂಪ್ಯೂಟರನ್ನು ವ್ಯಾನಿಗೆ ಹಾಕಿಕೊಂಡು ಹೊರಟೆ. ಅವನು ಬಾಗಿಲ ತನಕ ಬಂದು, ಹೊರಗೆ ಜೋತಾಡುತ್ತಿದ್ದ ವೈರನ್ನು ಸುತ್ತಿ ಒಳಗಿಟ್ಟ. ಅಷ್ಟೇ.

ಈಗ ಕೊನೆಯ ಪರೀಕ್ಷೆ. ಅವತ್ತು ನೀವು ಟೈಪ್ ಮಾಡಿಕೊಟ್ಟ ಹಾಳೆಗಳೆಲ್ಲ ನನ್ನ ಬಳಿ ಇವೆ. ಅಣ್ಣ ಸ್ಥಳದಲ್ಲೇ ಅಳೆದು ಬರೆದುಕೊಂಡ ಪುಸ್ತಕ ನಿಮ್ಮ ಮನೆಯಲ್ಲಿರಬೇಕು. ಕೊನೆಯ ಪುಟದ ಹನ್ನೊಂದನೇ ಕೋನ, ಸುರಂಗದ ದಿಕ್ಕಿನದು, ಅದನ್ನು ಪುಸ್ತಕದಿಂದ ನೇರವಾಗಿ ಮಾಡ್ಯೂಲಿಗೆ ಕೊಟ್ಟು ಏನು ಬರುತ್ತದೆಂದು ಬರೆಯಿರಿ. ನಾನು ಹಾಳೆಯಿಂದ ಕೊಡುತ್ತೇನೆ. ಅಲ್ಲಿಗೆ ತೀರ್ಮಾನವಾಗುತ್ತದೆ.

ಗಡಿಬಿಡಿ


ಜೂನ್ 11

ಅತ್ತಿಗೆ,

ಎರಡು ತಿಂಗಳಾಯಿತು, ನಿಮ್ಮಿಂದ ಒಂದು ಸಾಲೂ ಇಲ್ಲ. ಹುಷಾರಾಗಿದ್ದೀರಾ?

ನೀವು ಲೆಕ್ಕ ಮಾಡುವ ತೊಂದರೆ ತೆಗೆದುಕೊಳ್ಳುವುದು ಬೇಡ. ಕಾರಣ ಸಿಕ್ಕಿತು. ತಪ್ಪು ನನ್ನ ಕಾರ್ಟ್ರಿಜ್‌ನದು. ಕೋನದ ಲೆಕ್ಕ ಬಂದಾಗ ಅದು ಒಮ್ಮೊಮ್ಮೆ ಎಡವುತ್ತದೆ. ಬಿಸಿಯಾದಾಗ ಇರಬೇಕು. ಅಣ್ಣನ ಮಾಡ್ಯೂಲ್ ಸರಿಯಾಗಿಯೇ ಇತ್ತು. ಲೇಖನದಲ್ಲಿ ಹಾಗೆಯೇ ಬರೆಯುತ್ತೇನೆ. ನಾನು ಕೂಗಾಡಿದ್ದಕ್ಕೆ ಕ್ಷಮೆ ಕೇಳಿದೆ ಎಂದು ಅಣ್ಣನಿಗೆ ಹೇಳಿ. ಹಳೆಯ ಹಾಳೆಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದ್ದೇನೆ. ಇನ್ನು ಆ ಮಾತು ಬಿಡೋಣ.

ದಯವಿಟ್ಟು ಪತ್ರ ಬರೆಯಿರಿ. ಅಂಚೆಯವನು ಬರುವ ಹೊತ್ತಿಗೆ ನಾನು ಕೆಲಸ ನಿಲ್ಲಿಸಿ ಬಾಗಿಲಲ್ಲಿ ನಿಲ್ಲುವುದನ್ನು ನೋಡಿ ಪಕ್ಕದ ಟೈಲರ್ ನಗಲು ಶುರುಮಾಡಿದ್ದಾನೆ.

ಗಡಿಬಿಡಿ


ಜೂನ್ 24

ಗಡಿಬಿಡಿ,

ಎಂದಿನಿಂದ ಸುಳ್ಳು ಹೇಳಲು ಕಲಿತೆ? ಕಲಿತದ್ದೂ ಸರಿಯಾಗಿ ಕಲಿತಿಲ್ಲ. ಬಿಸಿಯಾದಾಗ ಎಡವುವ ಕಾರ್ಟ್ರಿಜ್ ಮಾರ್ಚ್‌ನಲ್ಲಿ ಆರನೇ ಅಂಕಿಯವರೆಗೂ ಒಂಬತ್ತುಗಳ ಸಾಲು ಹೇಗೆ ಕೊಟ್ಟಿತು? ನಿನಗೆ ನಿಜ ಗೊತ್ತಾಗಿದೆ. ನನಗೂ ಏಪ್ರಿಲ್‌ನಲ್ಲೇ ಗೊತ್ತಾಯಿತು. ಅದಕ್ಕೇ ಎರಡು ತಿಂಗಳು ಪೆನ್ನು ಹಿಡಿಯಲು ಕೈ ಬರಲಿಲ್ಲ.

ನಿನ್ನ ಪತ್ರ ಬಂದ ಮರುದಿನ ಅವರ ಪುಸ್ತಕ ತೆಗೆದೆ. ಹನ್ನೊಂದನೇ ಕೋನ: ಮೂವತ್ತು ಡಿಗ್ರಿ, ಮೂವತ್ತು ನಿಮಿಷ. ಗಂಟೆಯ ಹಾಗೆ ಡಿಗ್ರಿಗೂ ಅರವತ್ತು ನಿಮಿಷ. ಅಂದರೆ ಅದು ಮೂವತ್ತೂವರೆ ಡಿಗ್ರಿ. ನಿನ್ನ ಪೆಟ್ಟಿಗೆಗೆ ನಿಮಿಷ ಗೊತ್ತಿಲ್ಲ, ಅದಕ್ಕೆ 30.50 ಎಂದು ಬರೆದುಕೊಡಬೇಕು. ಪ್ರತಿ ಸಂಜೆ ಶಾಲೆಯಿಂದ ಬಂದು, ಪುಸ್ತಕದ ಒಂದೊಂದು ಕೋನದ ನಿಮಿಷವನ್ನೂ ಅರವತ್ತರಿಂದ ಭಾಗಿಸಿ ಹಾಳೆಗೆ ಟೈಪ್ ಮಾಡುತ್ತಿದ್ದವಳು ನಾನು. ನಲವತ್ತು ಪುಟ ಭಾಗಿಸಿದ್ದೇನೆ. ಕೊನೆಯ ಪುಟವನ್ನು ಭಾಗಿಸಲಿಲ್ಲ, ಇದ್ದ ಹಾಗೆಯೇ 30.30 ಎಂದು ಹೊಡೆದೆ.

ಯಾಕೆ ಎಂದು ನೆನಪು ಮಾಡಿಕೊಂಡೆ. ಅದು ನೀನು ಮಾಡ್ಯೂಲ್ ತಂದ ಸಂಜೆ. ನೀನು ಅಣ್ಣನ ಕಣ್ಣು ಮುಚ್ಚಿ, ಅದನ್ನು ಅಂಗೈಯಲ್ಲಿಟ್ಟೆ. ಮೂವರೂ ಮೇಜಿಗೆ ಬಗ್ಗಿ, ಹಣೆಗೆ ಹಣೆ ತಾಗಿಸಿಕೊಂಡು ನೋಡಿದೆವು. ಆ ಮಾಡ್ಯೂಲಿಗೆ ನಿಮಿಷ ಗೊತ್ತಿತ್ತು, 30.30 ಎಂದರೆ ಮೂವತ್ತೂವರೆ ಎಂದು ತಾನೇ ತಿಳಿದುಕೊಂಡಿತು. "ನೋಡಿ ಅತ್ತಿಗೆ, ಇನ್ಮೇಲೆ ಭಾಗಿಸೋ ಗೋಳು ತಪ್ತು!" ಅಂದೆ ನೀನು. ನಾನು ಅದೇ ಖುಷಿಯಲ್ಲಿ ಒಳಗೆ ಹೋಗಿ ನಿನ್ನ ಪೆಟ್ಟಿಗೆಯ ಹಾಳೆಯನ್ನೂ ಭಾಗಿಸದೆ ಟೈಪ್ ಮಾಡಿದೆ. ಚುಕ್ಕಿಯ ನಂತರದ 30ನ್ನು ನೂರರಲ್ಲಿ ಮೂವತ್ತು ಪಾಲು ಎಂದುಕೊಂಡ ಅದು, ನಾನು ಕೊಟ್ಟದ್ದನ್ನು ಮೂವತ್ತು ಡಿಗ್ರಿ ಹದಿನೆಂಟು ನಿಮಿಷ ಎಂದು ನಂಬಿತು. ಹನ್ನೆರಡು ನಿಮಿಷ ಕಮ್ಮಿ. ನೂರಮೂವತ್ತು ಮೀಟರ್ ಅಗೆಯುವಷ್ಟರಲ್ಲಿ ಅದು ಒಂದು ಮೊಳವಾಯಿತು.

ನಿಮ್ಮಿಬ್ಬರ ಯಂತ್ರವೂ ಸರಿ, ನೀವಿಬ್ಬರೂ ಸರಿ. ತಪ್ಪು ನನ್ನದು. ಹದಿನಾಲ್ಕು ವರ್ಷ ನಿಮ್ಮ ನಡುವೆ ನಿಂತುಕೊಂಡು, ಇವರಿಗೆ ಹಟ, ಅವನಿಗೆ ಸಿಟ್ಟು ಎಂದು ಇಬ್ಬರನ್ನೂ ಮನಸ್ಸಿನಲ್ಲೇ ಬೈದುಕೊಂಡವಳು ನಾನು. ಲೇಖನದಲ್ಲಿ ನಿಜವನ್ನೇ ಬರೆ. ನಿನ್ನ ಕಾರ್ಟ್ರಿಜ್ ಮೇಲೆ ಸುಳ್ಳು ಹೊರಿಸಬೇಡ.

ನಿಮ್ಮಣ್ಣನಿಗೆ ಬಾಯಿಬಿಟ್ಟು ಹೇಳುವ ಧೈರ್ಯ ಬರುತ್ತಿಲ್ಲ. ಈ ಪತ್ರವನ್ನು ಮೇಜಿನ ಮೇಲೆ ಬಿಚ್ಚಿಟ್ಟು ಹಾಲು ತರಲು ಹೋಗುತ್ತೇನೆ. ಬಂದ ಮೇಲೆ ಏನಾಗುತ್ತದೋ ಆಗಲಿ.

ನಿನ್ನ ಅತ್ತಿಗೆ


(ಅದೇ ಲಕೋಟೆಯಲ್ಲಿ)

ಜೂನ್ 24

ತಮ್ಮಾ,

ನಿನ್ನ ಅತ್ತಿಗೆ ಹಾಲು ತರಲು ಹೋಗಿದ್ದಾಳೆ. ಫ್ರಿಜ್ಜಿನಲ್ಲಿ ನಾಳೆಗೂ ಆಗುವಷ್ಟು ಹಾಲಿದೆ.

ನನಗೆ ಗೊತ್ತಿತ್ತು. ಸುರಂಗ ತಪ್ಪಿದ ಹನ್ನೊಂದನೇ ದಿನ ಪುಸ್ತಕವನ್ನೂ ಅವಳ ಹಾಳೆಯ ಕಾರ್ಬನ್ ಪ್ರತಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನೀನು ಬಂದು ಕೂಗಾಡಿದ್ದು ಹನ್ನೆರಡನೇ ದಿನ.

ಎರಡರಲ್ಲಿ ಒಂದು ಹೇಳು ಎಂದೆ ನೀನು. ನಿನ್ನ ಪೆಟ್ಟಿಗೆ ತಪ್ಪಿರಲಿಲ್ಲ. ನೀನು ಪ್ರೀತಿಯಿಂದ ತಂದುಕೊಟ್ಟದ್ದನ್ನು ಸುಳ್ಳು ಎನ್ನಲು ನನಗೆ ಬಾಯಿ ಬರಲಿಲ್ಲ. ಮೂರನೆಯದನ್ನು ಹೇಳಲೂ ಆಗಲಿಲ್ಲ. ಊರೆಲ್ಲ ಲೆಕ್ಕಕ್ಕೆ ಅವಳನ್ನು ಕೇಳುತ್ತಿತ್ತು. ಅವಳು ಲೆಕ್ಕದಲ್ಲಿ ತಪ್ಪಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾಲ್ಕು ದಿನ ಕಳೆದರೆ ನಿನ್ನ ಸಿಟ್ಟು ಇಳಿಯುತ್ತದೆ ಎಂದುಕೊಂಡೆ. ಅಲ್ಲಿ ನನ್ನ ಲೆಕ್ಕ ತಪ್ಪಿತು.

ಅವಳಿಗೆ ಹೇಳಿದ್ದರೆ ಒಂದು ದಿನ ಅತ್ತು ಮರುದಿನ ನಗುತ್ತಿದ್ದಳು. ಈಗ ಗೊತ್ತಾಗುತ್ತದೆ. ನಿನ್ನನ್ನು ಕಳೆದುಕೊಂಡಿದ್ದು ಅವಳಿಂದಲ್ಲ, ಬಾಯಿ ಬಿಡದ ನನ್ನಿಂದ. ಬ್ಯಾಟರಿ ಪ್ರತಿ ವರ್ಷ ಬದಲಾಯಿಸುತ್ತಿದ್ದೆ. ನೀನು ಬಂದರೆ ಯಂತ್ರ ಸತ್ತಿರಬಾರದು ಎಂದು.

ಬಾಗಿಲು ಸದ್ದಾಯಿತು. ಬಂದಳು.

ಅಣ್ಣ


ಜುಲೈ 3

ಅಣ್ಣಾ,

ನಿನ್ನ ಪತ್ರ ಓದಿ ಅಂಗಡಿ ಮುಚ್ಚಿ ಮನೆಗೆ ಹೋದೆ. ಒಂದು ದಿನವೆಲ್ಲ ನಿನ್ನ ಮೇಲೆ ಕೋಪ ಬಂತು. ನನಗೊಬ್ಬನಿಗಾದರೂ ಹೇಳಬಾರದಿತ್ತೇ ಎಂದು. ಎರಡನೇ ದಿನ ನೆನಪಾಯಿತು, ನಾನೂ ಅತ್ತಿಗೆಗೆ ಸುಳ್ಳು ಬರೆದೆ. ಕೊನೆಯ ಹಾಳೆಯ ಹನ್ನೊಂದು ಅಂಕಿಯಲ್ಲಿ ಒಂದೂ ಚುಕ್ಕಿಯ ನಂತರ 59 ದಾಟಿರಲಿಲ್ಲ. ಉಳಿದ ಹಾಳೆಗಳಲ್ಲಿ 75, 83, 92 ಎಲ್ಲ ಇವೆ. ಅದನ್ನು ನೋಡಿದ ಕೂಡಲೇ ನಿಮಿಷಗಳನ್ನು ಭಾಗಿಸಿಲ್ಲ ಎಂದು ತಿಳಿಯಿತು. ತಿಳಿದ ಮರುಗಳಿಗೆ ನಾನು ಮಾಡಿದ್ದೂ ನೀನು ಮಾಡಿದ್ದನ್ನೇ. ಬೇರೆ ಏನು ಮಾಡಲಿ? ಒಂದೇ ಮನೆಯಲ್ಲಿ ಬೆಳೆದವರು.

ಲೇಖನ ಸಿದ್ಧವಾಗಿದೆ, ಇನ್ನೂ ಕಳಿಸಿಲ್ಲ. ಐದು ಸಮೀಕರಣಕ್ಕೆ ಮೇಜಿನದು ಮೇಲು, ಕೋನ ಅಳೆಯುವವನಿಗೆ ಅಂಗೈಯದು ಮೇಲು ಎಂದು ಬರೆದೆ. ಸುರಂಗದ ಪರೀಕ್ಷೆಯಲ್ಲಿ ಎರಡಕ್ಕೂ ಪೂರ್ಣ ಅಂಕ. ಕಾರಣವನ್ನು ಬರೆಯಬೇಕೇ ಬೇಡವೇ ಎಂದು ಅತ್ತಿಗೆಯೇ ಹೇಳಲಿ, ಆ ಜಾಗ ಖಾಲಿ ಬಿಟ್ಟಿದ್ದೇನೆ.

ಹನ್ನೆರಡನೇ ತಾರೀಕು ಶನಿವಾರ ಸಂಜೆ 5.30ರ ರೈಲಿಗೆ ಬರುತ್ತೇನೆ. ಕಾರ್ಟ್ರಿಜ್ ಮಾತ್ರ ತರುತ್ತೇನೆ, ಪೆಟ್ಟಿಗೆ ಹೊರಲು ನಾಲ್ಕು ಆಳು ಸಿಗಲಿಲ್ಲ.

ತಮ್ಮ


ಜುಲೈ 8

ಗಡಿಬಿಡಿ,

ಕಾರಣ ಬರೆ. ಪೂರ್ತಿ ಬರೆ. ಗಣಿತದ ಮೇಡಂ ಒಬ್ಬರು ಅರವತ್ತರಿಂದ ಭಾಗಿಸಲು ಮರೆತರು ಎಂದು ಅಚ್ಚಾಗಲಿ. ಓದಿದವರು ನಗಲಿ, ನಾನೂ ನಗುತ್ತೇನೆ.

ನಿಮ್ಮಿಬ್ಬರ ಮೇಲೂ ನನಗೆ ಸಿಟ್ಟಿದೆ, ಅವರಿಗೆ ಬಾಯಲ್ಲಿ ಹೇಳಿದ್ದಾಗಿದೆ, ನಿನಗೆ ಈಗ ಬರೆದು ಹೇಳುತ್ತೇನೆ. ಮೂವತ್ತೊಂದು ವರ್ಷ ಊರಿನ ಮಕ್ಕಳ ಪುಸ್ತಕಕ್ಕೆಲ್ಲ ಕೆಂಪು ಗೆರೆ ಎಳೆದೆ. ತಪ್ಪು ತೋರಿಸಿದರೆ ಮಕ್ಕಳು ಸಾಯುವುದಿಲ್ಲ, ತಿದ್ದಿಕೊಂಡು ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ನನ್ನ ತಪ್ಪನ್ನು ನನಗೇ ಕೊಡದೆ ನಿಮ್ಮಣ್ಣ ಹದಿನಾಲ್ಕು ವರ್ಷ ತಾವೇ ಇಟ್ಟುಕೊಂಡರು. ನೀನು ಅದನ್ನು ಅಟ್ಟಕ್ಕೆ ಹಾಕಲು ಹೊರಟೆ. ಇಷ್ಟು ಪ್ರೀತಿ ಮಾಡುವವರು ಅದನ್ನು ಸ್ವಲ್ಪ ಕಮ್ಮಿ ಮಾಡಿ, ಒಂದು ಮಾತು ಹೆಚ್ಚು ಆಡಿದ್ದರೆ ಸಾಕಾಗಿತ್ತು.

ಹಾಲು ತಂದ ದಿನ ಒಳಗೆ ಬಂದಾಗ ಅವರು ಪೆನ್ನು ಮುಚ್ಚುತ್ತಿದ್ದರು. ಅವರಿಗೆ ಮೊದಲೇ ತಿಳಿದಿತ್ತೆಂದು ಮುಖ ನೋಡಿಯೇ ಗೊತ್ತಾಯಿತು. ಅಳು ಮುಗಿದ ಮೇಲೆ ಆ ಕಾರ್ಬನ್ ಹಾಳೆ ತರಿಸಿ, ನನ್ನ ಕೆಂಪು ಪೆನ್ನನ್ನು ಅವರ ಕೈಗೆ ಕೊಟ್ಟು, "ತಿದ್ದಿ" ಅಂದೆ. "ಬೇಡ ಕಣೇ" ಅಂದರು. "ತಿದ್ದದಿದ್ರೆ ಇವತ್ತು ಅಡುಗೆ ಇಲ್ಲ" ಅಂದೆ. ಕೊನೆಗೆ 30.30ರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ 30.50 ಎಂದು ಬರೆದು, ಕೆಳಗೆ ಸಹಿ ಹಾಕಿದರು. ನನಗೆ ಎಷ್ಟೋ ಹಗುರವಾಯಿತು.

ಶನಿವಾರದ ರೈಲಿನ ವಿಷಯ ಓದಿ ಹೇಳಿದೆ. ನಿಮ್ಮಣ್ಣ ಡ್ರಾಯರು ಎಳೆದು, ಅಂಗೈ ಯಂತ್ರ ತೆಗೆದು, ಏನೋ ಒತ್ತಿ, ಗಂಭೀರವಾಗಿ ಹೇಳಿದರು, "ಐದೂವರೆಗಲ್ಲ. ನೀನು ಹಾಳೆಗೆ ಟೈಪ್ ಮಾಡಿದ್ರೆ ಅವನು ಐದು ಹದಿನೆಂಟಕ್ಕೇ ಬರ್ತಾನೆ." ಇಷ್ಟು ವರ್ಷದಲ್ಲಿ ಅವರ ಬಾಯಿಂದ ಬಂದ ಮೊದಲ ತಮಾಷೆ. ಹೊಡೆಯಲು ಕೈ ಎತ್ತಿದೆ, ನಗು ಬಂದು ಕೂತುಬಿಟ್ಟೆ.

ರೈಲು 5.30ಕ್ಕೇ ಬರಲಿ. ನಾವು ಐದು ಹದಿನೆಂಟಕ್ಕೆ ಪ್ಲಾಟ್‌ಫಾರ್ಮಿನಲ್ಲಿ ಇರುತ್ತೇವೆ. ಆ ಹನ್ನೆರಡು ನಿಮಿಷ ನನ್ನದು, ನಿನಗಾಗಿ ಕಾಯುತ್ತಾ ನಿಂತಿರುತ್ತೇನೆ.

ನಿನ್ನ ಅತ್ತಿಗೆ